ಕೇಳುವವರಿಲ್ಲದೆ ಸೊರಗಿದ ಕೊಡುಗೈ



ದಾನ ಕೊಡುವುದು ಯಾಕೆ ಕಡಿಮೆಯಾಗುತ್ತಿದೆ ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ಆರಿಸಿಕೊಂಡವನು ನಾನೇ. ದಾನದ ಕುರ್ಚಿಯಲ್ಲಿ ಕೂತು, ದಾನದ ಬಡ್ಡಿಯಲ್ಲಿ ಕಾಸಿದ ಕಾಫಿ ಕುಡಿದು, ದಾನ ಮಾಡುವವರೇ ಇಲ್ಲ ಎಂದು ಗೊಣಗುವುದು ಸ್ವಲ್ಪ ಕೃತಘ್ನತೆಯೇ. ಆದರೂ ದತ್ತಿಯ ವೇದಿಕೆಯಲ್ಲಿ ಆಡದಿದ್ದರೆ ಈ ಮಾತನ್ನು ಇನ್ನೆಲ್ಲಿ ಆಡಬೇಕು?

ಎಳೆಯರಿಗಾಗಿ ದತ್ತಿಯ ಲೆಕ್ಕವನ್ನು ಮೊದಲು ಬಿಡಿಸಿ ಹೇಳುತ್ತೇನೆ. ತಂದೆಯದೋ ತಾಯಿಯದೋ ಹೆಸರಿನಲ್ಲಿ ಒಬ್ಬರು ಒಂದು ಮೊತ್ತವನ್ನು ಸಂಸ್ಥೆಗೆ ಕೊಡುತ್ತಾರೆ. ಅಸಲು ಬ್ಯಾಂಕಿನ ಠೇವಣಿಯಲ್ಲಿರುತ್ತದೆ, ಅದನ್ನು ಮುಟ್ಟುವಂತಿಲ್ಲ. ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ, ಒಂದು ಬಹುಮಾನ, ಬಡ ಮಕ್ಕಳಿಗೆ ಪುಸ್ತಕ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಾಗಲಿ, 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಾಗಲಿ ಇಂಥ ದತ್ತಿಗಳ ದೊಡ್ಡ ಪಟ್ಟಿಯೇ ಇದೆ. 1990ರ ದಶಕದ ನಡುವಿನಲ್ಲಿ ಠೇವಣಿಗೆ ಶೇ 12ರ ಆಸುಪಾಸಿನಲ್ಲಿ ಬಡ್ಡಿ ಸಿಗುತ್ತಿತ್ತು. ಹತ್ತು ಸಾವಿರದ ದತ್ತಿಗೆ ವರ್ಷಕ್ಕೆ 1,200 ರೂಪಾಯಿ. ಆಹ್ವಾನ ಪತ್ರಿಕೆ, ಭಾಷಣಕಾರರ ಬಸ್ ಚಾರ್ಜು, ಹಾರ, ಉಪ್ಪಿಟ್ಟು, ಎಲ್ಲವೂ ಅದರಲ್ಲಿ ಮುಗಿಯುತ್ತಿತ್ತು. ಇವತ್ತು ಬಡ್ಡಿ ಶೇ 7ರ ಹತ್ತಿರ ಬಂದರೆ ಪುಣ್ಯ; ಅದೇ ದತ್ತಿಗೆ 700 ರೂಪಾಯಿ. ಇಷ್ಟು ಜನಕ್ಕೆ ಒಂದೊಂದು ಲೋಟ ಕಾಫಿ ಕೊಡುವಷ್ಟರಲ್ಲಿ ಅದು ಖಲಾಸ್. ಉಳಿದ ಖರ್ಚು ಕಾರ್ಯದರ್ಶಿಯ ಜೇಬಿನಿಂದ ಹೋಗುತ್ತದೆ. ಪಾಸ್‌ಬುಕ್ಕಿನಲ್ಲಿ ಅಸಲು ಒಂದು ಪೈಸೆಯೂ ಕಡಿಮೆಯಾಗಿಲ್ಲ, ದಾನ ಮಾತ್ರ ಬಹುಪಾಲು ಕರಗಿದೆ.

ಹಾಗಿದ್ದರೆ ನಮ್ಮ ಕಾಲದಲ್ಲಿ ದಾನವೇ ಕುಗ್ಗಿದೆಯೆ? ಮೊತ್ತ ನೋಡಿದರೆ ಇಲ್ಲ. 2019ರ ಮಾರ್ಚ್‌ನಲ್ಲಿ ಅಜೀಂ ಪ್ರೇಮ್‌ಜಿ ಅವರು ವಿಪ್ರೊ ಕಂಪನಿಯ ಇನ್ನಷ್ಟು ಷೇರುಗಳ ಲಾಭವನ್ನು ತಮ್ಮ ಪ್ರತಿಷ್ಠಾನಕ್ಕೆ ಮುಡಿಪಿಟ್ಟಾಗ, ಹಾಗೆ ಕೊಟ್ಟದ್ದರ ಒಟ್ಟು ಬೆಲೆ 1.45 ಲಕ್ಷ ಕೋಟಿ ರೂಪಾಯಿ ಆಯಿತು. ಈಗ ನಮ್ಮ ಸರ್ಕಾರಿ ಶಾಲೆಯ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿರುವುದು ಆ ಹಣವೂ ಸೇರಿದ್ದರಿಂದ. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ 425 ಕೋಟಿ ಕೊಟ್ಟರು. ಮಹಾರಾಜರ ಕಾಲದಲ್ಲೂ ಒಬ್ಬೊಬ್ಬರ ಕೈಯಿಂದ ಇಷ್ಟು ಬಂದದ್ದು ಅಪರೂಪ.

ಕಡಿಮೆಯಾಗಿರುವುದು ಕೊಡುವ ಕೈಗಳ ಎಣಿಕೆ. ಈ ಮಾತಿಗೆ ನಮ್ಮಲ್ಲಿ ದಶಕಗಳ ಲೆಕ್ಕ ಇಟ್ಟವರು ಕಡಿಮೆ, ಅಮೆರಿಕದಲ್ಲಿ ಇಟ್ಟಿದ್ದಾರೆ. ಇಂಡಿಯಾನಾ ವಿಶ್ವವಿದ್ಯಾಲಯದ ವಿದ್ವಾಂಸರು ಅವೇ ಕುಟುಂಬಗಳನ್ನು ವರ್ಷಗಟ್ಟಲೆ ವಿಚಾರಿಸುತ್ತಾ ಬಂದರು. 2000ದಲ್ಲಿ ನೂರು ಮನೆಗಳಲ್ಲಿ 66 ಮನೆಯವರು ಏನಾದರೊಂದು ದಾನ ಕೊಟ್ಟಿದ್ದರು. 2018ರ ಹೊತ್ತಿಗೆ ಆ ಸಂಖ್ಯೆ ಐವತ್ತರಿಂದಲೂ ಕೆಳಗೆ ಇಳಿಯಿತು. ಅದೇ ಅವಧಿಯಲ್ಲಿ ಆ ದೇಶದ ಒಟ್ಟು ದಾನದ ಮೊತ್ತ ಏರಿತು. ಅಂದರೆ ದೊಡ್ಡವರು ಹೆಚ್ಚು ಕೊಟ್ಟರು, ಸಣ್ಣವರು ಸದ್ದಿಲ್ಲದೆ ಎದ್ದುಹೋದರು. ನಮ್ಮ ಊರುಗಳಲ್ಲಿ ನಾನು ಕಣ್ಣಾರೆ ಕಾಣುತ್ತಿರುವುದೂ ಇದನ್ನೇ.

ಹೇಗೆ ಕಾಣುತ್ತಿದ್ದೇನೆ ಎಂದರೆ, ತಲೆಯೆತ್ತಿ ಫ್ಯಾನು ನೋಡಿ. ಹಳೆಯ ಹೈಸ್ಕೂಲಿಗೋ ಕಲ್ಯಾಣ ಮಂಟಪಕ್ಕೋ ಹೋದರೆ ನಾನು ಮೊದಲು ಓದುವುದು ಅಲ್ಲಿನ ಫ್ಯಾನುಗಳನ್ನು. ಒಂದು ರೆಕ್ಕೆಯ ಮೇಲೆ ಕೆಂಪು ಪೇಂಟಿನಲ್ಲಿ ಯಜಮಾನರ ಹೆಸರು, ಇನ್ನೊಂದರ ಮೇಲೆ ಅವರ ಹೆಂಡತಿಯದು, ಮೂರನೆಯದರಲ್ಲಿ ಊರು, ಜಾಗ ಉಳಿದಿದ್ದರೆ ಉದ್ಯೋಗ. ಕರೆಂಟು ಇರುವಷ್ಟು ಹೊತ್ತು ದಾನಿ ಅದೃಶ್ಯ. ಕರೆಂಟು ಹೋದೊಡನೆ ಪ್ರತ್ಯಕ್ಷ. ಟ್ಯೂಬ್‌ಲೈಟಿನ ಪಟ್ಟಿ, ಗೋಡೆ ಗಡಿಯಾರ, ಸ್ಟೀಲ್ ಬೀರುವಿನ ಬಾಗಿಲು, ದೇವಸ್ಥಾನದ ಕೊಳಗದ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ, ಎಲ್ಲೆಲ್ಲೂ ಹೆಸರು. ನಾವು ಓದಿದವರು ಇದನ್ನು ಕಂಡು ನಕ್ಕಿದ್ದೇ ನಕ್ಕಿದ್ದು. ನಗುವ ಮುಂಚೆ ಆ ಹೆಸರುಗಳ ಕೆಳಗಿನ ಸಾಲನ್ನು ಓದಬೇಕಿತ್ತು. ಪೋಸ್ಟ್ ಮಾಸ್ಟರು, ಕಿರಾಣಿ ಅಂಗಡಿ ಮಾಲೀಕರು, ನಿವೃತ್ತ ಕಂಡಕ್ಟರು, ಎಲ್‌ಐಸಿ ಏಜೆಂಟರು. ತಿಂಗಳ ಸಂಬಳದಲ್ಲಿ ಒಂದು ಫ್ಯಾನಿನ ದುಡ್ಡು ಎತ್ತಿಡಲು ಅವರು ಎರಡು ಮೂರು ತಿಂಗಳು ಕೈ ಬಿಗಿ ಹಿಡಿದಿರಬೇಕು. ಇವತ್ತು ಅದೇ ಶಾಲೆಗೆ ಹೊಸ ಕೊಠಡಿ ಬಂದರೆ ಬಾಗಿಲಲ್ಲಿ ಒಂದೇ ಕಂಪನಿಯ ಲಾಂಛನವಿರುವ ದೊಡ್ಡ ಫಲಕ ಇರುತ್ತದೆ. ಕೊಠಡಿ ಗಟ್ಟಿಯಾಗಿದೆ, ಒಳ್ಳೆಯದೇ ಆಯಿತು. ಆದರೆ ಮುಂದೆ ಹಂಚು ಒಡೆದರೆ ತನ್ನದು ಒಡೆಯಿತು ಎಂದುಕೊಳ್ಳುವವರು ಆ ಊರಿನಲ್ಲಿ ಇಲ್ಲ.

ಈ ಸಣ್ಣ ಕೈಗಳು ತಾವಾಗಿ ಮುಂದೆ ಬಂದವೆ? ನನಗೆ ಹಾಗನ್ನಿಸುವುದಿಲ್ಲ. ಅವರನ್ನು ಯಾರೋ ಹೋಗಿ ಕೇಳಿದ್ದರು. ನಾನು ಇವತ್ತು ಹೇಳಬೇಕೆಂದು ಬಂದಿರುವ ಮಾತು ಇದೊಂದೇ: ಕೊಡುವ ಮನಸ್ಸು ಒಣಗಿಲ್ಲ, ಕೇಳುವ ಕಸುಬನ್ನು ನಾವು ಕೈಬಿಟ್ಟಿದ್ದೇವೆ.

ಕೇಳುವುದು ಎಂಥ ಕಸುಬಾಗಿತ್ತು ಎಂಬುದಕ್ಕೆ ಮುಷ್ಟಿ ಅಕ್ಕಿಯ ಪದ್ಧತಿಯನ್ನೇ ನೋಡಿ. ಒಲೆಯ ಪಕ್ಕದಲ್ಲಿ ಒಂದು ಡಬ್ಬಿ. ಅನ್ನಕ್ಕೆ ಅಕ್ಕಿ ಅಳೆದ ಮೇಲೆ, ತೊಳೆಯುವ ಮುಂಚೆ, ಮನೆಯಾಕೆ ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಐದಾರು ಜನ ಉಣ್ಣುವ ಅನ್ನದಲ್ಲಿ ಒಂದು ಹಿಡಿ ಕಡಿಮೆಯಾದದ್ದು ಯಾರ ನಾಲಗೆಗೂ ತಿಳಿಯುವುದಿಲ್ಲ. ತಿಂಗಳಿಗೊಮ್ಮೆ ಹಾಸ್ಟೆಲಿನ ಹುಡುಗರು ಚೀಲ ಹಿಡಿದು ಬಂದು ಡಬ್ಬಿ ಬರಿದು ಮಾಡಿಕೊಂಡು ಹೋಗುತ್ತಾರೆ. ಇದರೊಳಗಿನ ಜಾಣ್ಮೆ ನೋಡಿ. ಕೊಡಬೇಕೆ ಬೇಡವೆ ಎಂದು ದಿನಾ ಯೋಚಿಸುವ ಕಷ್ಟವಿಲ್ಲ. ಯಜಮಾನರ ಅಪ್ಪಣೆ ಬೇಕಿಲ್ಲ, ಅಕ್ಕಿ ಡಬ್ಬಿ ಹೆಂಗಸರ ಆಡಳಿತಕ್ಕೆ ಸೇರಿದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಆ ಅಕ್ಕಿ ಉಣ್ಣುವ ಹುಡುಗ ತಾನೇ ಬಾಗಿಲಿಗೆ ಬರುತ್ತಿದ್ದ. ಹೋದ ತಿಂಗಳಿಗಿಂತ ಮೈ ಕೈ ತುಂಬಿಕೊಂಡಿದ್ದಾನೆಯೆ, ಪರೀಕ್ಷೆ ಪಾಸಾದನೆ ಎಂದು ಆಕೆ ವಿಚಾರಿಸಬಹುದಿತ್ತು. ಈಗಿನವರು ಇದನ್ನು ವರದಿ ಎನ್ನುತ್ತಾರೆ, ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುತ್ತಾರೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತ ಮೇಲೆ ಹಳ್ಳಿ ಹಳ್ಳಿ ತಿರುಗಿ ಧಾನ್ಯ ಬೇಡಿದರು. ಕಾಣಿಕೆ ಮಠದ ಬಾಗಿಲಿಗೆ ಬರಲಿ ಎಂದು ಅವರು ಕಾದು ಕೂರಲಿಲ್ಲ. ಕೊನೆಗಾಲಕ್ಕೆ ಅಲ್ಲಿ ಸುಮಾರು ಹತ್ತು ಸಾವಿರ ಮಕ್ಕಳು, ಜಾತಿ ಮತ ಕೇಳದೆ, ಊಟ ವಸತಿ ವಿದ್ಯೆ ಪಡೆಯುತ್ತಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯನ್ನು ಆ ಸೀಮೆಯವರು ಸಪ್ತರ್ಷಿಗಳು ಎನ್ನುತ್ತಾರೆ. ಅವರ ಬಂಡವಾಳವೂ ಹೆಚ್ಚುಕಡಿಮೆ ಬಾಯಿಮಾತೇ. ಮಣಿಪಾಲದ ಟಿ.ಎಂ.ಎ. ಪೈ ಅವರು 1928ರಲ್ಲಿ ಪಿಗ್ಮಿ ಶುರು ಮಾಡಿದಾಗ ಬ್ಯಾಂಕಿನ ಏಜೆಂಟ್ ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ಎತ್ತುತ್ತಿದ್ದ. ಅದು ದಾನ ಅಲ್ಲ, ಉಳಿತಾಯ. ಆದರೂ ಕೇಳುವ ವಿದ್ಯೆಯನ್ನು ಅಷ್ಟು ಚೆನ್ನಾಗಿ ಬಲ್ಲವರನ್ನು ನಾನು ಬೇರೆ ಕಾಣೆ: ಸಣ್ಣ ಮೊತ್ತ, ನಿತ್ಯದ ಭೇಟಿ, ಗುರುತಿನ ಮುಖ, ಅಲ್ಲೇ ಪುಸ್ತಕದಲ್ಲಿ ನಮೂದು.

ಹಳೆಯದನ್ನು ಹೀಗೆ ಹೊಗಳುತ್ತಾ ಹೋದರೆ ಅರ್ಧ ಸುಳ್ಳು ಹೇಳಿದಂತಾಗುತ್ತದೆ. ಆ ಕಾಲದ ದಾನ ಬಹುಪಾಲು ಜಾತಿಯ ಬೇಲಿಯೊಳಗೆ ಓಡಾಡಿತು. ಯಾವ ಹಾಸ್ಟೆಲು ಯಾರ ಮಕ್ಕಳಿಗೆ ಎಂಬುದು ಬೋರ್ಡಿನಲ್ಲೇ ಬರೆದಿರುತ್ತಿತ್ತು. ಬೇಲಿ ದಾಟಿ ಕೇಳಿದವರ ಪಾಡು ಏನಾಯಿತು ಎಂಬುದಕ್ಕೆ ಮಂಗಳೂರಿನ ಕುದ್ಮುಲ್ ರಂಗರಾಯರಿದ್ದಾರೆ. ವಕೀಲರಾಗಿದ್ದ ಅವರು ದಲಿತ ಮಕ್ಕಳ ಶಾಲೆಗೆಂದು ದುಡಿದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದಾಗ ಸ್ವಂತ ಸಮಾಜ ಅವರಿಗೆ ಬಹಿಷ್ಕಾರ ಹಾಕಿತು. ಇವತ್ತು ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ, ಆಗ ಬಹಳ ಮನೆಗಳ ಬಾಗಿಲು ಅವರಿಗೆ ಮುಚ್ಚಿತ್ತು. ಆದ್ದರಿಂದ ಶಾಲೆ, ಪಡಿತರ, ಮಧ್ಯಾಹ್ನದ ಊಟ, ವಿದ್ಯಾರ್ಥಿವೇತನ ಇವೆಲ್ಲ ಹಕ್ಕಾಗಿ ಸರ್ಕಾರದಿಂದ ಬರುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಸಿದ ಮಗು ಯಾರ ಔದಾರ್ಯವನ್ನೂ ಕಾಯಬಾರದು. ಆದರೆ ಸರ್ಕಾರ ಎಲ್ಲ ಮಾಡುತ್ತದಲ್ಲ ಎಂಬ ನೆಮ್ಮದಿಯಲ್ಲಿ ನಾವು ಕೈ ಕಟ್ಟಿ ಕೂತದ್ದೂ ಉಂಟು. ಸರ್ಕಾರದ ಯಾವ ಯೋಜನೆಯಲ್ಲೂ ಮಲಗಿದಲ್ಲೇ ಇರುವ ಮುದುಕಿಯ ಪಕ್ಕ ಎರಡು ಗಂಟೆ ಕೂರುವ ಜನ ಇಲ್ಲ.

ಕೇಳುವವರು ಯಾಕೆ ಮಾಯವಾದರು? ಮೊದಲ ಪೆಟ್ಟು ಕೊಟ್ಟದ್ದು ನಮ್ಮ ವಿದ್ಯಾಸಂಸ್ಥೆಗಳೇ. ಊರವರ ಅಕ್ಕಿ, ಬೆಲ್ಲ, ಜಮೀನು, ಒಡವೆಯಿಂದ ಎದ್ದ ಸಂಸ್ಥೆಗಳ ನಾಡಿನಲ್ಲಿ ಸೀಟಿಗೆ ಡೊನೇಷನ್ ಕೇಳುವ ಕಾಲ ಬಂತು. ಎಷ್ಟರಮಟ್ಟಿಗೆ ಎಂದರೆ 1984ರಲ್ಲಿ ವಿಧಾನಸಭೆ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆ ತರಬೇಕಾಯಿತು. ಮಗಳ ಸೀಟಿಗೆ ಹೊಲ ಮಾರಿದವನ ಹತ್ತಿರ ಹೋಗಿ, ಸ್ವಾಮಿ, ನಮ್ಮ ಕಾಲೇಜಿನ ಗ್ರಂಥಾಲಯಕ್ಕೆ ಏನಾದರೂ ಕೊಡಿ ಎಂದು ಯಾವ ಮುಖ ಹೊತ್ತು ಕೇಳುವುದು? ಆ ನಾಚಿಕೆ ಇನ್ನೂ ಹೋಗಿಲ್ಲ. ಪ್ರಾಮಾಣಿಕರಾದ ಸಣ್ಣ ಸಂಸ್ಥೆಗಳೂ ಅದನ್ನು ಹೊರುತ್ತಿವೆ.

ಎರಡನೆಯದು ಅಪಾರ್ಟ್‌ಮೆಂಟಿನ ಗೇಟು. ಚಂದಾ ಎತ್ತುವವನು ರಶೀದಿ ಪುಸ್ತಕ ಬಗಲಲ್ಲಿಟ್ಟು ಗೇಟಿಗೆ ಬಂದರೆ ಸೆಕ್ಯುರಿಟಿಯವನು ಯಾವ ಫ್ಲ್ಯಾಟು ಎನ್ನುತ್ತಾನೆ. ಎಲ್ಲ ಫ್ಲ್ಯಾಟು ಎಂದರೆ ಒಳಗೆ ಬಿಡುವುದಿಲ್ಲ. ಗಣೇಶನ ಚಂದಾದ ಹುಡುಗರು ಇವತ್ತಿಗೂ ಯಶಸ್ವಿಯಾಗಿರುವುದು ಅವರು ಬೀದಿಯವರೇ ಆಗಿರುವುದರಿಂದ, ಮತ್ತೆ ಸಂಕೋಚವನ್ನು ಮನೆಯಲ್ಲೇ ಬಿಟ್ಟು ಬರುವುದರಿಂದ. ಉಳಿದವರು ವಾಟ್ಸಾಪಿನಲ್ಲಿ ಕೇಳುತ್ತಾರೆ. ಅಲ್ಲಿ ದಿನಕ್ಕೆ ನಾಲ್ಕು ಮಕ್ಕಳ ಶಸ್ತ್ರಚಿಕಿತ್ಸೆ, ಎರಡು ಜೀರ್ಣೋದ್ಧಾರ, ಒಂದು ಗೋಶಾಲೆ. ಯಾವುದು ನಿಜ, ಯಾವುದು ಮೂರು ವರ್ಷ ಹಳೆಯದು ಎಂದು ಗೊತ್ತಾಗದೆ ಹೆಬ್ಬೆರಳು ಎಲ್ಲವನ್ನೂ ಮೇಲಕ್ಕೆ ತಳ್ಳುತ್ತದೆ. ಕಲ್ಲು ಮನಸ್ಸಿನಿಂದ ಅಲ್ಲ, ಅನುಮಾನದಿಂದ.

ಮೂರನೆಯದು ಕಾನೂನಿನ ಕಡೆಯಿಂದ ಬಂತು. 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಅದರಿಂದ ಬಂದ ಕೊಠಡಿ, ಶೌಚಾಲಯ, ಆಂಬುಲೆನ್ಸು ಕಡಿಮೆಯೇನಲ್ಲ. ಆದರೆ ಕಂಪನಿ ಇರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಎಂದು ಕಾನೂನೇ ಹೇಳುವುದರಿಂದ, ಕಾರ್ಖಾನೆಯಿಲ್ಲದ ತಾಲ್ಲೂಕಿನವರು ಬಾಯಿ ಬಿಟ್ಟುಕೊಂಡು ನೋಡಬೇಕು. ಕಂಪನಿಯಲ್ಲಿ ದುಡಿಯುವ ನೌಕರನಿಗೂ ಕಂಪನಿ ಕೊಟ್ಟರೆ ತಾನು ಕೊಟ್ಟ ಹಾಗೆ ಎಂಬ ಸಮಾಧಾನ.

ತೆರಿಗೆಯ ಸಂಗತಿ ಇದಕ್ಕಿಂತ ಸೂಕ್ಷ್ಮ. 80ಜಿ ಎಂದು ನಾವೆಲ್ಲ ಕರೆಯುವ ವಿನಾಯಿತಿಯಲ್ಲಿ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ತೆರಿಗೆ ಇರಲಿಲ್ಲ. ಹತ್ತು ಸಾವಿರ ಕೊಟ್ಟ, ಶೇ 30ರ ಹಂತದಲ್ಲಿದ್ದ ಮನುಷ್ಯನಿಗೆ ಉಳಿಯುತ್ತಿದ್ದದ್ದು 1,500 ರೂಪಾಯಿ. ಅದಕ್ಕಾಗಿಯೇ ಯಾರೂ ಹತ್ತು ಸಾವಿರ ಕೊಡುತ್ತಿರಲಿಲ್ಲ. ಆದರೆ ಪ್ರತಿ ಫೆಬ್ರುವರಿಯಲ್ಲಿ ಆಫೀಸಿನ ಅಕೌಂಟ್ಸ್ ವಿಭಾಗದವರು "80ಜಿ ರಶೀದಿ ಏನಾದ್ರೂ ಇದ್ಯಾ ಸಾರ್?" ಎಂದು ಕೇಳುತ್ತಿದ್ದರು. ಓಹೋ, ಈ ವರ್ಷ ಕೊಡಲೇ ಇಲ್ಲವಲ್ಲ ಎಂದು ಆಗ ನೆನಪಾಗುತ್ತಿತ್ತು. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. 2023–24ರಿಂದ ಅದೇ ಮೂಲ ಆಯ್ಕೆ ಆಗಿದೆ. 1,500 ಹೋದದ್ದು ದೊಡ್ಡ ನಷ್ಟವಲ್ಲ, ವರ್ಷಕ್ಕೊಮ್ಮೆ ಕೇಳುತ್ತಿದ್ದ ಒಬ್ಬರು ಸುಮ್ಮನಾದರು. ಇತ್ತ ರಶೀದಿ ಕೊಡುವ ಸಣ್ಣ ಟ್ರಸ್ಟಿನ ಪಾಡೂ ಹಗುರವಲ್ಲ. ಕಾಲಕಾಲಕ್ಕೆ ನೋಂದಣಿ ನವೀಕರಣ, ದಾನಿಗಳ ಪಟ್ಟಿಯನ್ನು ಆನ್‌ಲೈನಿನಲ್ಲಿ ಸಲ್ಲಿಸುವ ಕೆಲಸ, ಆಡಿಟರ್ ಫೀಸು. ಕಳ್ಳರನ್ನು ಹಿಡಿಯಲು ಇವು ಬೇಕು ನಿಜ. ಹತ್ತು ಅನಾಥ ಮಕ್ಕಳನ್ನು ಸಾಕುವ ನಿವೃತ್ತ ಮೇಷ್ಟ್ರಿಗೆ ಮಾತ್ರ ಮಕ್ಕಳಿಗಿಂತ ಪೋರ್ಟಲ್ಲೇ ಹೆಚ್ಚು ರಗಳೆ.

ಮನಸ್ಸು ಒಣಗಿಲ್ಲ ಎಂದೆನಲ್ಲ, ಅದಕ್ಕೆ ಆಧಾರ ಕೊಡಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾಡಿನ ಎಲ್ಲ ದಿಕ್ಕಿನಿಂದ ಲಾರಿಗಳು ಮಡಿಕೇರಿ ಹತ್ತಿದವು. ಬೇಕಿತ್ತೋ ಬೇಡವೋ ಕೇಳದೆ ಕಳಿಸಿದ ಹಳೆ ಬಟ್ಟೆಯನ್ನು ವಿಲೇವಾರಿ ಮಾಡುವುದೇ ಅಲ್ಲಿ ಒಂದು ತಲೆನೋವಾಯಿತು! ಇನ್ನೂ ದೊಡ್ಡ ಸಾಕ್ಷಿ 2021ರ ಅಕ್ಟೋಬರ್ 29ರ ನಂತರದ ದಿನಗಳದ್ದು. ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಮನೆಯವರು ಅವರ ಕಣ್ಣುಗಳನ್ನು ನಾರಾಯಣ ನೇತ್ರಾಲಯಕ್ಕೆ ಕೊಟ್ಟರು. ವೈದ್ಯರು ಎರಡು ಕಾರ್ನಿಯಾಗಳ ಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದದ್ದು ನಿಮಗೆ ನೆನಪಿರಬಹುದು. ನೇತ್ರದಾನದ ಪ್ರಚಾರ ಆಗ ಹೊಸದೇನೂ ಆಗಿರಲಿಲ್ಲ, ಡಾ. ರಾಜ್‌ಕುಮಾರ್ ಹೆಸರಿನ ನೇತ್ರ ಬ್ಯಾಂಕು ಶುರುವಾದದ್ದು 1994ರಲ್ಲಿ, 2006ರಲ್ಲಿ ಅವರ ಕಣ್ಣೂ ಅದಕ್ಕೇ ಸಂದಿತ್ತು. ಈ ಸಲ ಬೇರೆಯಾದದ್ದು ಏನೆಂದರೆ, ಜನ ತಮ್ಮವನೆಂದುಕೊಂಡ ಒಬ್ಬ ಕೊಟ್ಟಿದ್ದ, ಕೊಟ್ಟದ್ದು ನಾಲ್ಕು ಜನಕ್ಕೆ ತಲುಪಿದೆ ಎಂಬುದು ಕೆಲವೇ ದಿನಗಳಲ್ಲಿ ಎಲ್ಲರಿಗೂ ಗೊತ್ತಾಯಿತು, ಮತ್ತು ಮುಂದೆ ಮಾಡಬೇಕಾದದ್ದು ಒಂದು ಅರ್ಜಿಯಷ್ಟೇ ಆಗಿತ್ತು.

ಅದಕ್ಕೇ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತಿನ ಮೇಲೆ ನನಗೆ ತಕರಾರಿದೆ. ಅಹಂಕಾರ ಬರಬಾರದೆಂದು ಹಿರಿಯರು ಹೇಳಿದ್ದು, ಒಪ್ಪಿದೆ. ಆದರೆ ಎಲ್ಲರೂ ಗುಟ್ಟಾಗಿ ಕೊಟ್ಟರೆ, ಯಾರೂ ಕೊಡುತ್ತಿಲ್ಲ ಎಂದೇ ಎಳೆಯರು ತಿಳಿಯುತ್ತಾರೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ್ದು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ್ದು ಸಾವಿರ ವರ್ಷದ ಮೇಲೂ ನಮಗೆ ಗೊತ್ತಿರುವುದು ಅದನ್ನು ಕಲ್ಲಿನಲ್ಲೂ ಕಾವ್ಯದಲ್ಲೂ ಬರೆದಿಟ್ಟಿದ್ದರಿಂದ. ಫ್ಯಾನಿನ ರೆಕ್ಕೆಯ ಪೇಂಟು ಅದೇ ಕುಲದ್ದು, ಅಕ್ಷರ ಸ್ವಲ್ಪ ಸೊಟ್ಟ ಅಷ್ಟೆ. ಬರೆಯಲಿ ಬಿಡಿ.

ಇನ್ನು ಏನು ಮಾಡಬಹುದು ಎಂಬುದು. ಸಂಘದ ಪದಾಧಿಕಾರಿಗಳು ಮುಂದಿನ ಸಾಲಿನಲ್ಲೇ ಇರುವುದರಿಂದ ನೇರವಾಗಿ ಹೇಳುತ್ತೇನೆ. ನಮ್ಮ ಸಂಸ್ಥೆಗಳು ಕೇಳುವುದೇ ಕಟ್ಟಡ ಕಟ್ಟುವಾಗ. ಮಾತು ಶುರುವಾಗುವುದೇ ಲಕ್ಷದಿಂದ. ಐವತ್ತು ರೂಪಾಯಿ ಕೇಳಿದರೆ ಸಂಸ್ಥೆಯ ಮರ್ಯಾದೆ ಹೋಗುತ್ತದೆಂಬ ಭಾವನೆ. ತಿಂಗಳಿಗೆ ಐವತ್ತು ಕೇಳಿ. ಫೋನಿನಲ್ಲೇ ತಾನಾಗಿ ಕಡಿತವಾಗುವ ಏರ್ಪಾಡು ಈಗಿದೆ. ಸಿನಿಮಾ ಆ್ಯಪ್‌ಗಳು ಅದರಲ್ಲೇ ನಮ್ಮಿಂದ ದುಡ್ಡು ಎತ್ತುತ್ತಿವೆ. ಆದರೆ ಕ್ಯೂಆರ್ ಚೀಟಿ ಅಂಟಿಸಿ ಮನೆಗೆ ಹೋಗಬೇಡಿ, ಅದು ಯಾರ ಮುಖವನ್ನೂ ನೋಡುವುದಿಲ್ಲ. ಒಬ್ಬ ಸದಸ್ಯ ಹತ್ತು ಪರಿಚಯದ ಮನೆಗೆ ಹೋಗಲಿ, ಕೂತು ಕಾಫಿ ಕುಡಿಯಲಿ, ಕೇಳಲಿ. ಆರು ತಿಂಗಳಾದ ಮೇಲೆ ಏನೂ ಕೇಳದೆ ಮತ್ತೊಮ್ಮೆ ಹೋಗಲಿ, ಹಣ ಏನಾಯಿತೆಂದು ಹೇಳಲು. ಈ ಎರಡನೆಯ ಭೇಟಿಯನ್ನು ಮಾಡುವ ಸಂಸ್ಥೆಯನ್ನು ನಾನು ಕಂಡಿದ್ದೇ ಕಡಿಮೆ. ರಶೀದಿ ಹರಿದು ಕೊಟ್ಟರೆ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತೇವೆ. ಪುಸ್ತಕ ಪಡೆದ ಹುಡುಗಿಯ ಕೈಯಲ್ಲೇ ನಾಲ್ಕು ಸಾಲು ಬರೆಸಿ ಕಳಿಸಿದರೆ ಆ ಕಾಗದ ದಾನಿಯ ಮನೆಯಲ್ಲಿ ಫ್ರಿಡ್ಜಿನ ಮೇಲೆ ವರ್ಷವಿಡೀ ಇರುತ್ತದೆ.

ದತ್ತಿಗಳ ವಿಷಯದಲ್ಲಿ ಒಂದು ನಿಷ್ಠುರದ ಸಲಹೆ. ಬಡ್ಡಿಯನ್ನು ಪೂರ್ತಿ ಖರ್ಚು ಮಾಡಬೇಡಿ. ಮೂರರಲ್ಲಿ ಒಂದು ಪಾಲನ್ನು ಅಸಲಿಗೆ ಸೇರಿಸುತ್ತಾ ಹೋಗಿ. ಸಣ್ಣ ಸಣ್ಣ ದತ್ತಿಗಳನ್ನು, ದಾನಿಗಳ ಮನೆಯವರನ್ನು ಕೇಳಿ, ಒಟ್ಟುಗೂಡಿಸಿ. ಎಂಟು ಜನರ ಹೆಸರಿನಲ್ಲಿ ಒಂದು ಒಳ್ಳೆಯ ಕಾರ್ಯಕ್ರಮ ನಡೆಯಲಿ. ಖಾಲಿ ಕುರ್ಚಿಗಳ ಮುಂದೆ ಎಂಟು ನಡೆಸುವುದು ಯಾವ ಹಿರಿಯರ ಆತ್ಮಕ್ಕೂ ಹಿತವಲ್ಲ.

ಕೊನೆಯದು ಉಯಿಲು. ಸಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುಂಚೆ ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರ ಮೊಮ್ಮಕ್ಕಳು ಇವತ್ತು ನಿಮ್ಮ ಊರಿನಲ್ಲೂ ಇರಬಹುದು. ಈಗ ಬಡಾವಣೆ ಬಡಾವಣೆಯಲ್ಲಿ ಅರವತ್ತು–ನಲವತ್ತರ ಸೈಟಿನ ಮನೆಗಳಲ್ಲಿ ಮುದುಕ ದಂಪತಿಗಳಿದ್ದಾರೆ. ಮಕ್ಕಳು ಹೊರದೇಶದಲ್ಲಿ ಚೆನ್ನಾಗಿದ್ದಾರೆ, ಈ ಮನೆ ಅವರಿಗೆ ಬೇಕಾಗಿಯೂ ಇಲ್ಲ. ಮನೆಯೆಲ್ಲ ಕೊಡಿ ಎಂದು ಯಾರೂ ಹೇಳುತ್ತಿಲ್ಲ; ನೂರರಲ್ಲಿ ಐದು ಪಾಲು, ನೀವು ಓದಿದ ಶಾಲೆಗೆ. ಅವರನ್ನು ಹೀಗೆ ಯಾರೂ ಕೇಳಿಲ್ಲ. ಸಾವಿನ ಮಾತೆತ್ತಲು ನಮಗೆ ಸಂಕೋಚ. ಉಯಿಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಸಾಕು. ಹೆಚ್ಚಿನ ವಿವರ ಬೇಕಾದವರಿಗಾಗಿ ಸಂಘದ ಕಾನೂನು ಸಲಹೆಗಾರರನ್ನು ಇವತ್ತು ಕರೆಸಿದ್ದೇವೆ. ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಪ್ರಶ್ನೋತ್ತರದಲ್ಲಿ ಅವರನ್ನು ಬಿಡಬೇಡಿ, ಫೀಸು ಕೇಳುವುದಿಲ್ಲ ಎಂದು ಮೊದಲೇ ಒಪ್ಪಿದ್ದಾರೆ.